ಗುಮ್ಮನ ಜಾಗದಲ್ಲಿ ಕೊರೊನಾ ಕೂರಿಸಿದ್ದು ನಾನೇ

2020ರ ಮಾರ್ಚ್‌ನಲ್ಲಿ ನಮ್ಮ ಅಂಗನವಾಡಿಗೆ ಬೀಗ ಬಿತ್ತೇ ಹೊರತು ನನಗೆ ರಜೆ ಸಿಗಲಿಲ್ಲ. ಆಶಾ ಕಾರ್ಯಕರ್ತೆ ಜೊತೆ ಮನೆಮನೆ ಸರ್ವೆ, ಬೆಂಗಳೂರಿನಿಂದ ಬಂದವರ ಪಟ್ಟಿ, ಆಮೇಲೆ ಮಕ್ಕಳ ರೇಷನ್ನು, ಹಾಲಿನ ಪುಡಿ ಮನೆಗೇ ಮುಟ್ಟಿಸೋದು. ಹೀಗೆ ಬಾಗಿಲು ಬಾಗಿಲಿಗೆ ಹೋಗುತ್ತಿದ್ದುದರಿಂದಲೇ ನನ್ನ ಮಕ್ಕಳು ಕಣ್ಣಿಗೆ ಬೀಳುತ್ತಿದ್ದವು.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಒಬ್ಬ ಹುಡುಗ ಬೀದಿಯಲ್ಲಿ ಟೈರು ಉರುಳಿಸುತ್ತಿದ್ದ. "ಹೊರಗೆ ಬಂದ್ರೆ ಕೊರೊನಾ ಹಿಡ್ಕೊಂಡು ಹೋಯ್ತದೆ ನೋಡು" ಅಂದೆ. ನಮ್ಮಮ್ಮ ಗುಮ್ಮನ್ನ ಕರೆದು ಊಟ ಮಾಡಿಸುತ್ತಿದ್ದಳಲ್ಲ, ಅದೇ ವರಸೆ. ಹುಡುಗ ಒಳಗೋಡಿದ. ಕೆಲಸ ಆಯಿತು ಅಂದುಕೊಂಡೆ. ಹದಿನೈದು ದಿನ ಬಿಟ್ಟು ಹೋದಾಗ ಅವನ ಅಜ್ಜಿ, "ಟೀಚರಮ್ಮ, ಹಿತ್ಲ ಕಕ್ಕಸಿಗೂ ಹೋಗಕಿಲ್ಲ ಅಂತನೆ, ಚಡ್ಡಿ ಒದ್ದೆ ಮಾಡ್ಕತನೆ" ಅಂದರು. ಅವನು ಬಾಗಿಲ ಸಂದಿಯಿಂದ ನೋಡುತ್ತಿದ್ದ. ಮಾಸ್ಕ್ ಹಾಕಿದ್ದ ನನ್ನ ಗುರುತೂ ಹತ್ತಿರಲಿಲ್ಲ ಅವನಿಗೆ.

ನಾನು ಬೀದಿಯ ಆ ಬದಿಗೆ ಹೋಗಿ, ಎದುರು ಮನೆ ಜಗಲಿ ಮೇಲೆ ಕೂತು, ಮಾಸ್ಕ್ ಇಳಿಸಿ ಮುಖ ತೋರಿಸಿದೆ. ಹೆಸರು ಹಿಡಿದು ಕೂಗಿ, ಮತ್ತೆ ಹಾಕಿಕೊಂಡೆ. "ಅವತ್ತು ನಾನು ಸುಳ್ಳು ಹೇಳ್ದೆ ಕಣೋ. ಕೊರೊನಾ ಯಾರನ್ನೂ ಹೊತ್ಕೊಂಡು ಹೋಗಲ್ಲ. ನೆಗಡಿ ಥರ ಒಬ್ಬರಿಂದ ಒಬ್ಬರಿಗೆ ಬರೋ ಕಾಯಿಲೆ. ಹಿತ್ಲಲ್ಲಿ ಜನ ಇಲ್ಲ, ಅಲ್ಲಿಗೆ ಹೋಗಬಹುದು."

"ಅಜ್ಜಿ ಸತ್ತೋಗ್ತದಾ?" ಅಂದ.

ಇಲ್ಲ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ಕಾಯಿಲೆ ಬಂದೋರಲ್ಲಿ ಬಾಳ ಜನಕ್ಕೆ ವಾಸಿ ಆಗ್ತದೆ. ಅಜ್ಜಿಗೆ ಬರದೇ ಇರ್ಲಿ ಅಂತಾನೇ ನಾನು ಇಷ್ಟು ದೂರ ಕೂತಿರೋದು" ಅಂದೆ. ಅವನು ಹೊಸ್ತಿಲ ತನಕ ಬಂದು ಕೂತ. ಹಿತ್ತಲಿಗೆ ಹೋಗೋಕೆ ಇನ್ನೂ ಮೂರು ವಾರ ಹಿಡಿಯಿತು. ಹೆದರಿಸೋಕೆ ಒಂದು ಮಾತು ಸಾಕಾಗಿತ್ತು.

ಅಲ್ಲಿಂದಾಚೆ ಯಾವ ಮನೆಗೆ ಹೋದರೂ ಮೊದಲು ದೂರದಿಂದ ಮುಖ, ಆಮೇಲೆ ರೇಷನ್ನು. ತಾಯಂದಿರಿಗೆ ಒಂದೇ ಒಂದು ಹೇಳುತ್ತಿದ್ದೆ: ಅಂಗನವಾಡಿಯಲ್ಲಿ ಊಟ ಹಾಕುತ್ತಿದ್ದ ಹೊತ್ತಿಗೇ, ಕೈ ತೊಳೆಸಿ, ಅದೇ ಹಾಡು ಹೇಳಿ ಊಟಕ್ಕೆ ಕೂರಿಸಿ. ಇನ್ನೆಲ್ಲ ಹೇಗಾದರೂ ನಡೆಯಲಿ. ಮಕ್ಕಳಿಗೆ ತೋರಿಸೋಕೆ ಅಂತ ವಾಟ್ಸಾಪ್ ವಿಡಿಯೋಗಳೂ ಬರುತ್ತಿದ್ದವು. ಫೋನು ಅಪ್ಪನ ಜೇಬಲ್ಲಿ ಇರುವ ಊರಲ್ಲಿ ಅದರಿಂದ ಏನು ಪ್ರಯೋಜನ?

ಹೆದರಿಕೆ ಕಳೆಯೋಕೆ ಮಕ್ಕಳು ತಾವೇ ಒಂದು ದಾರಿ ಕಂಡುಕೊಂಡಿದ್ದವು, ಸೀಲ್‌ಡೌನ್ ಆಟ. ಕೊರೊನಾ ಬಂದ ಮನೆಗೆ ಪಟ್ಟಿ ಕಟ್ಟಿ ಮುಚ್ಚುತ್ತಿದ್ದರಲ್ಲ, ಅದೇ. ಜಗಲಿ ಕಂಬಕ್ಕೆ ಹಳೇ ಸೀರೆ ಅಂಚು ಕಟ್ಟೋದು, ಕ್ವಾರಂಟೈನ್ ಸೀಲಿನ ಥರ ಎಡಗೈ ಮೇಲೆ ಪೆನ್ನಿನಲ್ಲಿ ಮುದ್ರೆ ಒತ್ತೋದು. "ಅಪಶಕುನ" ಅಂತ ದೊಡ್ಡವರು ಬೈಯುತ್ತಿದ್ದರು. ಆಡಲಿ ಬಿಡಿ ಅಂದೆ. ಒಬ್ಬಳ ಮನೆ ನಿಜವಾಗಿಯೂ ಸೀಲ್‌ಡೌನ್ ಆಗಿತ್ತು. ಆಟದಲ್ಲಿ ಸೀರೆ ಬಿಚ್ಚೋ ಕೆಲಸ ಮಾತ್ರ ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

2021ರ ನವೆಂಬರ್ 8ರಿಂದ ಅಂಗನವಾಡಿ ಮತ್ತೆ ಶುರುವಾಯಿತು. ಹೊಸದಾಗಿ ಬಂದವು ಮನೆಯವರ ಸೊಂಟ ಬಿಟ್ಟು ಗೊತ್ತಿಲ್ಲದ ಕೂಸುಗಳು. ಕಣ್ಣು ತಪ್ಪಿಸಿ ಹೋಗಬೇಡಿ ಅಂತ ತಾಯಂದಿರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಮೊದಲ ದಿನ ಬಾಗಿಲಲ್ಲೇ ಕೂತಿರಿ, ಮಾರನೇ ದಿನ ನಲ್ಲಿ ಹತ್ತಿರ, ಮೂರನೇ ದಿನ "ಹೋಗಿ ಬತ್ತೀನಿ" ಅಂತ ಹೇಳಿಯೇ ಹೊರಡಿ. ಅತ್ತರೂ ಸರಿ. ಸಹಾಯಕಿ ಸೊಂಟದ ಮೇಲೊಂದು, ಕೈಯಲ್ಲೊಂದು, ಆ ವಾರ ಅವಳ ಬೆನ್ನು ಮುರಿದುಹೋಯಿತು.

ಟೈರಿನ ಹುಡುಗ ಅಷ್ಟೊತ್ತಿಗೆ ಒಂದನೇ ಕ್ಲಾಸು. ಬ್ಯಾಗು ಹೊತ್ತು ನಮ್ಮ ಗೇಟಿನ ಮುಂದೆ ಹೋಗುವಾಗ ರಸ್ತೆಯಿಂದಲೇ ಕೂಗುತ್ತಿದ್ದ, "ಮಿಸ್, ಮಾಸ್ಕ್ ಇಳ್ಸಿ!" ಇಳಿಸುತ್ತಿದ್ದೆ. ನೋಡಿಕೊಂಡು ಹೋಗುತ್ತಿದ್ದ.