ವೀಣೆ ಸಾಧನೆ, ಕತ್ತು ನೋವು ಮತ್ತು ಕಿಟಕಿಗೆ ಕಟ್ಟಿದ ರಬ್ಬರ್ ಪಟ್ಟಿ

ನನ್ನ ಕತ್ತು ನೋವಿನ ಜಾಗವನ್ನು ಬೆರಳಿಟ್ಟು ತೋರಿಸಬಹುದಿತ್ತು. ಎಡ ಹೆಗಲ ಮೂಳೆಯ ಮೇಲಿನ ಒಳಮೂಲೆ. ಅಲ್ಲಿಂದ ಹೊರಟು ಕತ್ತಿನ ಪಕ್ಕದಲ್ಲೇ ಏರಿ ತಲೆಯ ಹಿಂಭಾಗಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಪರವಾಗಿಲ್ಲ. ಸಂಜೆ ಮಕ್ಕಳಿಗೆ ವೀಣೆ ಪಾಠ ಹೇಳಿ ಮುಗಿಸಿ ಸ್ಕೂಟರ್ ತೆಗೆಯುವಾಗ ಹಿಂದೆ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಮೂರು ತಿಂಗಳಿಗಿಂತ ಜಾಸ್ತಿ ಉಳಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ನನ್ನದು ಆ ಗಡಿ ದಾಟಿ ಎಷ್ಟೋ ಕಾಲವಾಗಿತ್ತು.

ವೀಣೆ ಹಿಡಿದು ಕೂತವರನ್ನು ಒಮ್ಮೆ ಗಮನಿಸಿ. ಕೊಡ, ಅಂದರೆ ವೀಣೆಯ ದೊಡ್ಡ ಗುಂಡು ಭಾಗ, ಬಲಗಡೆ ನೆಲದ ಮೇಲೆ; ಇನ್ನೊಂದು ತುದಿಯ ಚಿಕ್ಕ ಬುರುಡೆ ಎಡತೊಡೆಯ ಮೇಲೆ. ಎಡಗೈ ಇವೆರಡರ ನಡುವಿನ ಉದ್ದನೆಯ ದಂಡಿಯನ್ನು ಕೆಳಗಿನಿಂದ ಬಳಸಿ ಬಂದು, ಸ್ವರದ ಜಾಗ ತೋರಿಸುವ ಅಡ್ಡಪಟ್ಟಿಗಳಾದ ಮೆಟ್ಟಿಲುಗಳ ಮೇಲೆ ಕೂರುತ್ತದೆ. 24 ಮೆಟ್ಟಿಲು, ಕಣ್ಣು ಅವುಗಳ ಮೇಲೆ. ಹಾಗಾಗಿ ತಲೆ ಕೆಳಕ್ಕೆ ಬಾಗಿ ಎಡಕ್ಕೆ ತಿರುಗಿರುತ್ತದೆ. ದೊಡ್ಡವರ ತಲೆ ಹೆಚ್ಚುಕಮ್ಮಿ 5 ಕೆಜಿ ತೂಗುತ್ತದೆ. ನೆಟ್ಟಗಿದ್ದರೆ ಆ ಭಾರವನ್ನು ಬೆನ್ನುಮೂಳೆ ಹೊರುತ್ತದೆ. ಬಾಗಿದರೆ ಹಿಂದಿನ ಸ್ನಾಯುಗಳು ಎಳೆದು ಹಿಡಿದುಕೊಂಡೇ ಇರಬೇಕು. ಜೊತೆಗೆ ಗಮಕ, ಅಂದರೆ ತಂತಿಯನ್ನು ಎಳೆದು ಸ್ವರವನ್ನು ಓಲಾಡಿಸುವುದು. ತೋಡಿ ರಾಗದ ಗಾಂಧಾರ ಸ್ವರ ಎಳೆಯುವಾಗ ಬೆರಳಿನ ಜೊತೆ ಹೆಗಲೂ ದುಡಿಯುತ್ತದೆ. ಕತ್ತಿನ ಮೇಲಿನ 4 ಮೂಳೆಗಳಿಂದ ಹೊರಟು ಹೆಗಲ ಮೂಳೆಯ ಮೂಲೆಗೆ ಸೇರುವ ಸ್ನಾಯು ಒಂದಿದೆ, ಲೆವೇಟರ್ ಸ್ಕ್ಯಾಪುಲೆ ಅಂತ. ನನಗೆ ನೋಯುತ್ತಿದ್ದದ್ದು ಅದರ ಬುಡದಲ್ಲೇ.

ಮನೆಮದ್ದು ಏನೆಲ್ಲ ಇದೆಯೋ ಎಲ್ಲಾ ಆಯಿತು. ಎಣ್ಣೆ, ಬಿಸಿನೀರಿನ ಬ್ಯಾಗು, ತೆಳ್ಳನೆ ದಿಂಬು. ತಿಕ್ಕಿಸಿಕೊಂಡರೆ ಹಾಯೆನಿಸುತ್ತದೆ, ಅಲ್ವಾ? ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಹಾಜರ್. ಎಕ್ಸ್‌ರೇ ತೆಗೆಸಿದರೆ ಸ್ಪಾಂಡಿಲೋಸಿಸ್ ಎಂದು ಬಂತು. ಹೆಸರು ಕೇಳಿ ಗಾಬರಿ ಆಗಬೇಕಿಲ್ಲ. ವಯಸ್ಸಾದಂತೆ ಕತ್ತಿನ ಮೂಳೆ ಸವೆಯುವುದು ಮಾಮೂಲಿ. ಒಂಚೂರೂ ನೋವಿಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ. ಸಲೂನಿನಲ್ಲಿ ಕಟಿಂಗ್ ಆದಮೇಲೆ ತಲೆ ಹಿಡಿದು ಲಟಕ್ ಅಂತ ತಿರುಗಿಸುತ್ತಾರಲ್ಲ, ಅದು ಮಾತ್ರ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತುಗಳೊಳಗಿಂದಲೇ ಹಾದುಹೋಗುತ್ತವೆ. ರಭಸಕ್ಕೆ ನಾಳದ ಒಳಪದರ ಹರಿದು ಲಕ್ವ ಹೊಡೆದದ್ದು ಅಪರೂಪಕ್ಕಾದರೂ ಇದೆ.

ಕೊನೆಗೆ ಜಯನಗರದ ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ ಹತ್ತಿರ ಹೋದೆ. ಕತ್ತು ಮುಟ್ಟಿ ನೋಡಿ, “ಸರ್, ಮುಂದಿನ ಸಲ ಬರೋವಾಗ ವೀಣೆ ತನ್ನಿ” ಅಂದರು. ಆಟೋದಲ್ಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಹಂಪ್ ಬಂದಾಗಲೆಲ್ಲ ಡ್ರೈವರ್ ತಾನಾಗೇ ನಿಧಾನ ಮಾಡಿದ. ಅವರು ಚಾಪೆ ಹಾಸಿ ಪಕ್ಕದಲ್ಲಿ ಫೋನ್ ಹಿಡಿದು ನಿಂತರು. ನಾನು ತೋಡಿ ಆಲಾಪನೆ ಶುರು ಮಾಡಿದೆ. ಆಮೇಲೆ ವಿಡಿಯೋ ತೋರಿಸಿದರು. ಕೈಗಳು, ಎಡ ಹೆಗಲು ಬಿಟ್ಟು ಉಳಿದದ್ದೆಲ್ಲ ಫೋಟೋದಲ್ಲಿದ್ದಂತೆ ನಿಂತಿತ್ತು. ಪ್ರತಿ ಗಾಂಧಾರಕ್ಕೂ ಎಡ ಹೆಗಲು ಕಿವಿಯ ಕಡೆ ಏರುತ್ತಿತ್ತು.

“ನೀವು ಕೂರೋದು ತಪ್ಪು ಅಂತ ಹೇಳಲ್ಲ ಸರ್. ವೀಣೆ ಇರೋದೇ ಹಾಗೆ. ಅದನ್ನ ತಡ್ಕೊಳ್ಳೋ ಶಕ್ತಿ ಕತ್ತಿಗೆ, ಹೆಗಲಿಗೆ ಬರಬೇಕು.”

ಅಲ್ಲಿಯವರೆಗೆ ಎಲ್ಲರೂ ನನಗೆ ಹೇಳಿದ್ದು ಎರಡೇ ಮಾತು: ರೆಸ್ಟ್ ತಗೊಳ್ಳಿ, ನೆಟ್ಟಗೆ ಕೂತ್ಕೊಳ್ಳಿ. ಪಾಠ ಹೇಳಿ ಬದುಕುವವನಿಗೆ ರೆಸ್ಟ್ ಎಲ್ಲಿಂದ ಬರಬೇಕು? ಗಟ್ಟಿ ಮಾಡಿಕೊಳ್ಳಿ ಅಂದವರು ಇವರೊಬ್ಬರೇ.

ಮೊದಲ ವ್ಯಾಯಾಮ ನೋಡುವುದಕ್ಕೆ ತಮಾಷೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಕೆಳಗೆ ತೆಳುವಾಗಿ ಮಡಿಸಿದ ಟವೆಲ್ ಇಟ್ಟುಕೊಂಡು ಮೆಲ್ಲಗೆ ‘ಹೂಂ’ ಅಂತ ತಲೆ ಆಡಿಸುವುದು. ತಲೆ ಟವೆಲ್ ಬಿಟ್ಟು ಏಳಬಾರದು. ಗದ್ದ ಚೂರು ಒಳಗೆ ಬರಬೇಕು, ಕತ್ತಿನ ಹಿಂಭಾಗ ಉದ್ದವಾಗಬೇಕು. ಹಾಗೇ 10 ಸೆಕೆಂಡ್ ಹಿಡಿದು ಬಿಡುವುದು. ಹೀಗೆ 10 ಸಲ. ಕತ್ತಿನ ಮೂಳೆಗೆ ಮುಂದಿನಿಂದ ಅಂಟಿಕೊಂಡ ಆಳದ ಸ್ನಾಯುಗಳಿಗೆ ಇದು ಕೆಲಸ ಕೊಡುತ್ತದೆ. ಬಹಳ ದಿನ ಕತ್ತು ನೋವಿದ್ದವರಲ್ಲಿ ಇವು ಮೈಗಳ್ಳತನ ಮಾಡುತ್ತವೆ, ಮೇಲಿನ ದಪ್ಪ ಸ್ನಾಯುಗಳು ಅವುಗಳ ಪಾಲನ್ನೂ ಹೊರುತ್ತವೆ.

ಸುಲಭ ಅನಿಸಿತು. ಆಗ ಮೇಡಂ ಕತ್ತಿನ ಕೆಳಗೆ ಬಿಪಿ ನೋಡುವ ಪಟ್ಟಿಯಂಥ ಒಂದು ಗಾಳಿಚೀಲ ಇಟ್ಟರು. ಗಾಳಿ ತುಂಬಿ, ಒತ್ತಡ ತೋರಿಸುವ ಮುಳ್ಳನ್ನು 20ಕ್ಕೆ ನಿಲ್ಲಿಸಿದರು. ತಲೆ ಆಡಿಸಿ 22, ಆಮೇಲೆ 24, ಹೀಗೆ ಎರಡೆರಡೇ ಏರಿಸುತ್ತ 30ರ ತನಕ ಹೋಗಬೇಕು, ಪ್ರತಿ ಹಂತದಲ್ಲೂ ಮುಳ್ಳು ಅಲುಗಾಡಬಾರದು. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್‌ಗಳು ರೂಢಿಗೆ ತಂದ ಪರೀಕ್ಷೆ ಇದು. 24ಕ್ಕೇ ನನ್ನ ಮುಳ್ಳು ನಡುಗಿತು. ತಂತಿಯನ್ನು ಮೂರು ಸ್ವರ ಎಳೆಯುವ ಮನುಷ್ಯನಿಗೆ ಇಷ್ಟು ಹಿಡಿಯಲು ಆಗಲಿಲ್ಲ! ಮನೆಯಲ್ಲಿ ಆ ಚೀಲ ಬೇಕಾಗಿಲ್ಲ. ಕತ್ತಿನ ಎರಡು ಪಕ್ಕಕ್ಕೆ ಬೆರಳಿಟ್ಟುಕೊಳ್ಳಿ. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಸ್ನಾಯು ಗಟ್ಟಿಯಾಗಿ ಉಬ್ಬಿದರೆ ಬಲ ಜಾಸ್ತಿ ಹಾಕುತ್ತಿದ್ದೀರಿ ಎಂದೇ ಅರ್ಥ.

ಕೆಲವು ವಾರ ಇದನ್ನು ಮಾಡಿದ ಮೇಲೆ ರಬ್ಬರ್ ಪಟ್ಟಿ ಬಂತು. ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಬಣ್ಣದ ಪಟ್ಟಿ. ಬಣ್ಣದ ಮೇಲೆ ಬಿಗಿ ಬೇರೆ ಬೇರೆ. ಪಟ್ಟಿಯನ್ನು ಪಾದದ ಕೆಳಗೆ ತುಳಿದು, ಎರಡು ತುದಿ ಹಿಡಿದು, ಮೊಣಕೈ ಚೂರೇ ಮಡಚಿ, ಕೈಗಳನ್ನು ಪಕ್ಕಕ್ಕೆ ಹೆಗಲೆತ್ತರದವರೆಗೆ ಎತ್ತಿ ನಿಧಾನ ಇಳಿಸುವುದು. ಡೆನ್ಮಾರ್ಕ್‌ನಲ್ಲಿ ಇದರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕತ್ತು-ಹೆಗಲು ನೋವಿದ್ದ ಆಫೀಸಿನವರಿಗೆ ವಾರಕ್ಕೆ 5 ದಿನ, 10 ವಾರ ಪಟ್ಟಿ ಎಳೆಸಿದರು. ಕೆಲವರಿಗೆ ದಿನಕ್ಕೆ 2 ನಿಮಿಷ, ಕೆಲವರಿಗೆ 12. ಎರಡೂ ಗುಂಪಿನವರಿಗೆ ನೋವು ಕಡಿಮೆಯಾಯಿತು. ಅವರು ಸಂಗೀತಗಾರರಲ್ಲ, ನಿಜ. ಆದರೂ 2 ನಿಮಿಷ ಸಾಕು ಅಂದಿದ್ದೇ ನನಗೆ ಧೈರ್ಯ ಕೊಟ್ಟಿತು. ಅರ್ಧ ಗಂಟೆ ಅಂದಿದ್ದರೆ ನಾನು ಶುರುವೇ ಮಾಡುತ್ತಿರಲಿಲ್ಲ.

ಇನ್ನೊಂದು, ಪಟ್ಟಿಯನ್ನು ಕಿಟಕಿ ಸರಳಿಗೆ ಸುತ್ತಿ ಎರಡು ಕೈಯಲ್ಲೂ ಹಿಂದಕ್ಕೆ ಎಳೆಯುವುದು. ಹೆಗಲ ಮೂಳೆಗಳು ಬೆನ್ನ ಮಧ್ಯಕ್ಕೆ ಬರಬೇಕು, ಕಿವಿಯ ಕಡೆ ಏರಬಾರದು. ನನ್ನ ಎಡಗಡೆಗೆ ಇದೇ ಕಷ್ಟವಾಗಿದ್ದು. 15 ಸಲ ಆರಾಮಾಗಿ ಬಂದರೆ ಮುಂದಿನ ಬಣ್ಣ. ಮೊದಮೊದಲು ನೋವು ಜಾಸ್ತಿ ಆದಂತೆ ಕಾಣುತ್ತದೆ. ಮೇಡಂ ಹೇಳಿದ ಲೆಕ್ಕ ಸರಳ: ಮಾಡುವಾಗ ಸ್ವಲ್ಪ ನೊಂದರೆ ಸರಿ, ಮಾರನೇ ಬೆಳಿಗ್ಗೆಗೆ ಮೊದಲಿನಂತಾಗಿರಬೇಕು. ಆಗದಿದ್ದರೆ ಒಂದು ಬಣ್ಣ ಹಿಂದಕ್ಕೆ.

ಸಾಧನೆಯ ರೀತಿಯನ್ನೂ ಕೊಂಚ ಬದಲಿಸಿದೆ. ಸರಳೆ, ಜಂಟಿ, ಅಲಂಕಾರ ಎಂಬ ಆರಂಭದ ಪಾಠಗಳನ್ನು ಈಗ ಮೆಟ್ಟಿಲು ನೋಡದೆ, ಎದುರಿನ ಗೋಡೆ ನೋಡುತ್ತ ನುಡಿಸುತ್ತೇನೆ. ದೃಷ್ಟಿಯಿಲ್ಲದ ವೈಣಿಕರು ಲೀಲಾಜಾಲವಾಗಿ ನುಡಿಸುವಾಗ ನಮಗೇಕೆ ಆಗಬಾರದು? ಮೊದಲು ಸ್ವರ ತಪ್ಪುತ್ತದೆ, ಆಮೇಲೆ ಕೈಯೇ ಜಾಗ ಕಲಿಯುತ್ತದೆ. ಕೂರುವಾಗ ಜಮಖಾನವನ್ನು ಮಡಿಸಿ ಸೊಂಟದಡಿಗೆ ಹಾಕಿಕೊಳ್ಳುತ್ತೇನೆ, ಬೆನ್ನು ಗೂನಾಗುವುದಿಲ್ಲ. ಕೊಡ ತಗ್ಗಾಯಿತು ಅನಿಸಿದರೆ ಅದರಡಿ ಬಟ್ಟೆಯ ಸಿಂಬೆ. ಆನ್‌ಲೈನ್ ಪಾಠಕ್ಕೆ ಫೋನನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲೆ ಕಣ್ಣಿನೆತ್ತರಕ್ಕೆ ಇಟ್ಟೆ. ಅಮೆರಿಕದ ಮಕ್ಕಳಿಗೆ ಬೆಳಗಿನ ಜಾವ ಹೇಳಿಕೊಡುವ ಬೆಂಗಳೂರಿನ ಮೇಷ್ಟ್ರುಗಳೆಲ್ಲ ಇದೊಂದನ್ನಾದರೂ ಮಾಡಬೇಕು ಅಂತ ನನ್ನ ಆಸೆ.

ಯೂಟ್ಯೂಬಿನಲ್ಲಿ ಸಂಗೀತಗಾರರ ಕತ್ತು ನೋವು ಅಂತ ಹುಡುಕಿದರೆ ಬಹುಪಾಲು ಪಾಶ್ಚಾತ್ಯ ಪಿಟೀಲಿನವರಿಗೆ ಹೇಳಿದ್ದೇ ಸಿಗುತ್ತದೆ. ಗದ್ದಕ್ಕೆ ಎಂಥ ಆಸರೆ, ಹೆಗಲಿಗೆ ಎಂಥ ದಿಂಬು, ಇತ್ಯಾದಿ. ನಮ್ಮ ಪಿಟೀಲಿನವರು ಚಕ್ಕಳಮಕ್ಕಳ ಕೂತು ತುದಿಯನ್ನು ಬಲಪಾದಕ್ಕೆ ಊರುತ್ತಾರೆ. ಅವರಿಗೇ ಆ ಮಾತು ಹೊಂದುವುದಿಲ್ಲ, ಇನ್ನು ವೀಣೆಗೆಲ್ಲಿ? ಶಕ್ತಿಯ ವ್ಯಾಯಾಮ ಮಾತ್ರ ಎಲ್ಲರಿಗೂ ಒಂದೇ.

ಕೈಗೆ ಜೋಮು ಇಳಿಯುತ್ತಿದ್ದರೆ, ಹಿಡಿತ ಸಡಿಲವಾಗಿ ಲೋಟ ಜಾರುತ್ತಿದ್ದರೆ, ಅಂಗಿ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡೆಯುವಾಗ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಅಥವಾ ಬಿದ್ದ ಪೆಟ್ಟಿನ ಜೊತೆ ನೋವು ಬಂದಿದ್ದರೆ ಪಟ್ಟಿ ಪಕ್ಕಕ್ಕಿಡಿ. ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ನನ್ನ ನೋವು ಪೂರ್ತಿ ಹೋಗಿದೆಯೇ? ಇಲ್ಲ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಎಲ್ಲ ಕಡೆ ಸಂಗೀತ ಕಛೇರಿ ಶುರುವಾದಾಗ ಹಳೇ ಜಾಗ ಗೊಣಗುತ್ತದೆ. ಅದಕ್ಕೇ ಈಗ ಸೀಸನ್ನಿಗೆ ಮುಂಚೆ ಸಾಧನೆಯ ಹೊತ್ತನ್ನು ಒಮ್ಮೆಲೇ ಏರಿಸದೆ ವಾರವಾರಕ್ಕೆ ಸ್ವಲ್ಪಸ್ವಲ್ಪ ಏರಿಸುತ್ತೇನೆ. ಕಛೇರಿಯ ದಿನ ‘ಹೂಂ’ ವ್ಯಾಯಾಮ ಮಾತ್ರ, ಪಟ್ಟಿ ಮುಟ್ಟುವುದಿಲ್ಲ. ಹೆಗಲು ದಣಿದಿದ್ದರೆ ಎಳೆದ ಗಾಂಧಾರ ಒಂದು ಕೂದಲೆಳೆ ಕೆಳಗೇ ನಿಲ್ಲುತ್ತದೆ, ಮುಂದಿನ ಸಾಲಿನಲ್ಲಿ ಕೂತ ಹಿರಿಯರಿಗೆ ಅದು ಗೊತ್ತಾಗಿಬಿಡುತ್ತದೆ.