ನಿಮ್ಮ ಸರಕಿನ ಹೆಸರನ್ನು ಇನ್ನೊಬ್ಬರು ಬಳಸಿದರೆ: ಗಡಿನಾಡಿನ ಸಣ್ಣ ಉದ್ಯಮಿಗಳಿಗೆ ಕಾನೂನು ಮಾರ್ಗದರ್ಶನ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ತಯಾರಾಗುವ ಹಲಸಿನ ಹಪ್ಪಳ, ತೆಂಗಿನೆಣ್ಣೆ, ಸಾಂಬಾರು ಪುಡಿಗಳಿಗೆ ತಲಪಾಡಿಯಾಚೆ ಮಂಗಳೂರಿನಲ್ಲೂ ಗಿರಾಕಿಗಳಿದ್ದಾರೆ. ಅಂಥ ಸರಕಿನ ಹೆಸರನ್ನೂ ಲೇಬಲ್ಲಿನ ಬಣ್ಣವನ್ನೂ ಇನ್ನೊಬ್ಬರು ನಕಲು ಮಾಡಿದಾಗ ತಕ್ಷಣ ವಕೀಲರ ನೋಟಿಸು ಕಳಿಸಬೇಕೆನಿಸುವುದು ಸಹಜ. ಆದರೆ ಇಂಥ ಹೆಚ್ಚಿನ ವ್ಯಾಜ್ಯಗಳ ಹಣೆಬರಹ ತೀರ್ಮಾನವಾಗುವುದು ನೋಟಿಸಿಗಿಂತ ಮುಂಚಿನ ಸಿದ್ಧತೆಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು, ಆ ಹೆಸರು ಯಾವಾಗಿನಿಂದ ನಿಮ್ಮ ಬಳಕೆಯಲ್ಲಿದೆ ಎಂಬುದಕ್ಕೆ ದಾಖಲೆ ಕೂಡಿಸಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಹೆಸರನ್ನು ನೋಂದಾಯಿಸಿದವರ ಬಳಕೆ ಮತ್ತು ನೋಂದಣಿ ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಹಿಂದಿನಿಂದ ಎಡೆಬಿಡದೆ ಆ ಹೆಸರನ್ನು ಬಳಸುತ್ತ ಬಂದವರನ್ನು ನೋಂದಣಿದಾರರು ತಡೆಯುವಂತಿಲ್ಲ. ತಿರುನೆಲ್ವೇಲಿಯ ‘ಇರುಟ್ಟುಕ್ಕಡೈ ಹಲ್ವಾ’ ಹೆಸರಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಮೊದಲ ಬಳಕೆದಾರರ ಹಕ್ಕು ನೋಂದಣಿಯ ಹಕ್ಕಿಗಿಂತ ಮೇಲೆಂದು ಸ್ಪಷ್ಟಪಡಿಸಿದೆ. ಹಾಗಾಗಿ ಅಂಗಡಿಗೆ ಕೊಟ್ಟ ಬಿಲ್ಲು, ಲೇಬಲ್ ಮುದ್ರಿಸಿದ ಪ್ರೆಸ್ಸಿನ ರಸೀದಿ, ಜಾಹೀರಾತಿನ ಪ್ರತಿ ಎಲ್ಲವೂ ಬೇಕು. ನಮ್ಮ ಕಡೆಯ ಬಿಲ್ಲುಗಳಲ್ಲಿ ‘ಹಪ್ಪಳ, 20 ಕಟ್ಟು’ ಎಂದಷ್ಟೇ ಬರೆಯುವ ರೂಢಿಯಿದೆ. ಅಂಥ ಬಿಲ್ಲು ಮಾರಾಟವನ್ನು ತೋರಿಸುತ್ತದೆಯೇ ಹೊರತು ಹೆಸರಿನ ಬಳಕೆಯನ್ನಲ್ಲ. ಆದ್ದರಿಂದ ಇಂದಿನಿಂದಲೇ ಪ್ರತಿ ಬಿಲ್ಲಿನಲ್ಲೂ ಸರಕಿನ ಹೆಸರನ್ನು ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಬೇಡಿಕೆಗಳೂ ಸಾಕ್ಷ್ಯವಾಗಬಲ್ಲವು, ಆದರೆ ಅವುಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಡಿ ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ ಪ್ರಮಾಣಪತ್ರವಿರಬೇಕು.

ಮುಂದೆ, ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಉಚಿತವಾಗಿ ಹೆಸರನ್ನು ಹುಡುಕಿ ನೋಡಿ. ಉಚ್ಚಾರಣೆ ಹೋಲುವ ಹೆಸರುಗಳನ್ನೂ ಬಿಡಬೇಡಿ. ನೋಂದಣಿಗಾಗಿ ಸರಕುಗಳನ್ನು ವಿಂಗಡಿಸಿರುವ ವರ್ಗವೂ ಮುಖ್ಯ: ಅಡುಗೆಯ ತೆಂಗಿನೆಣ್ಣೆ 29ನೇ ವರ್ಗಕ್ಕೆ ಸೇರಿದರೆ ತಲೆಗೆ ಹಚ್ಚುವ ಎಣ್ಣೆ 3ನೇ ವರ್ಗಕ್ಕೆ ಸೇರುತ್ತದೆ.

ಆನಂತರ ನೋಂದಣಿಗೆ ಅರ್ಜಿ. ಕೇರಳದವರಿಗೆ ಚೆನ್ನೈ ಕಚೇರಿಯ ವ್ಯಾಪ್ತಿ ಅನ್ವಯಿಸುತ್ತದೆ. ಆನ್‌ಲೈನ್ ಅರ್ಜಿಯ ಶುಲ್ಕ ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಹೆಸರು ಕನ್ನಡ ಅಥವಾ ಮಲಯಾಳ ಲಿಪಿಯಲ್ಲಿದ್ದರೆ ಅದರ ಲಿಪ್ಯಂತರವನ್ನೂ ಅರ್ಥವನ್ನೂ ಕೊಡಬೇಕು. ಮೊದಲೇ ಬಳಕೆಯಲ್ಲಿದೆ ಎನ್ನುವುದಾದರೆ ದಾಖಲೆಗಳೊಂದಿಗೆ ಅಫಿಡವಿಟ್ ಸಲ್ಲಿಸಬೇಕು. ನಕಲು ಮಾಡಿದವರೇ ಮೊದಲು ಅರ್ಜಿ ಹಾಕಿ ಅದು ರಿಜಿಸ್ಟ್ರಿಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಿದ್ದರೆ, ಆಕ್ಷೇಪ ಸಲ್ಲಿಸಲು ಪ್ರಕಟಣೆಯಿಂದ ನಾಲ್ಕು ತಿಂಗಳಷ್ಟೇ ಕಾಲಾವಕಾಶವಿದ್ದು, ಈ ಅವಧಿಯನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ಇಷ್ಟಾದ ಮೇಲೆ ನೋಟಿಸು ಕಳಿಸಬಹುದು. ಆಧಾರವಿಲ್ಲದೆ ಬೆದರಿಸಿದರೆ ಟ್ರೇಡ್‌ಮಾರ್ಕ್ ಕಾಯ್ದೆಯ 142ನೇ ಸೆಕ್ಷನ್ನಿನಡಿ ಎದುರಾಳಿಯೇ ನಿಮ್ಮ ಮೇಲೆ ದಾವೆ ಹೂಡಬಲ್ಲರು.

ದಾವೆ ಎಲ್ಲಿ ಹೂಡಬೇಕೆಂಬುದು ಗಡಿನಾಡಿನವರಿಗೆ ಬಹು ದೊಡ್ಡ ಪ್ರಶ್ನೆ. ಹೆಸರು ನೋಂದಣಿಯಾಗಿದ್ದರೆ, 134ನೇ ಸೆಕ್ಷನ್ನಿನ ಪ್ರಕಾರ ನೀವು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ನ್ಯಾಯಾಲಯಕ್ಕೂ ಹೋಗಬಹುದು. ನೋಂದಣಿಯಿಲ್ಲದೆ ಪಾಸಿಂಗ್ ಆಫ್ ದಾವೆಯನ್ನಷ್ಟೇ (ತಮ್ಮ ಸರಕನ್ನು ನಿಮ್ಮದೆಂದು ನಂಬಿಸಿ ಮಾರುವವರ ವಿರುದ್ಧದ ದಾವೆ) ಹೂಡುವುದಾದರೆ ಈ ಸೌಲಭ್ಯವಿಲ್ಲ. ಎದುರಾಳಿ ಇರುವ ಊರಿಗೆ, ಇಲ್ಲವೇ ನಕಲಿ ಸರಕು ಮಾರಾಟವಾದ ಊರಿಗೆ ಹೋಗಬೇಕಾಗುತ್ತದೆ. ಮಂಜೇಶ್ವರದ ಉದ್ಯಮಿಯೊಬ್ಬರು ನಕಲಿ ಸರಕು ಕಾಸರಗೋಡಿನಲ್ಲೂ ಮಾರಾಟವಾಗಿದೆ ಎಂದು ಸಾಬೀತುಪಡಿಸಲಾಗದಿದ್ದರೆ ಪ್ರತಿ ವಾಯಿದೆಗೂ ಮಂಗಳೂರಿಗೆ ಓಡಾಡಬೇಕಾದೀತು. ಆದ್ದರಿಂದ ಇಲ್ಲಿನ ಅಂಗಡಿಯಲ್ಲಿ ನಕಲಿ ಕಟ್ಟೊಂದನ್ನು ಬಿಲ್ಲಿನ ಸಮೇತ ಕೊಂಡಿಟ್ಟುಕೊಳ್ಳಿ.

ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಸೆಕ್ಷನ್ ಪ್ರಕಾರ, ತುರ್ತು ಮಧ್ಯಂತರ ಪರಿಹಾರ ಕೇಳದ ದಾವೆಗೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯ. ನಕಲಿ ಸರಕು ಇನ್ನೂ ಮಾರಾಟವಾಗುತ್ತಿದ್ದರೆ ದಾವೆಯ ಜೊತೆಗೇ ಮಧ್ಯಂತರ ತಡೆಯಾಜ್ಞೆಯ ಅರ್ಜಿ ಸಲ್ಲಿಸಿ, ವಿಳಂಬ ಮಾಡದೆ ಬಂದಿದ್ದೀರಿ ಎಂಬುದನ್ನು ಅದರಲ್ಲಿ ದಿನಾಂಕಗಳ ಸಮೇತ ವಿವರಿಸಿ.