ಕೈ ಎತ್ತಿಸುವ ಮೊದಲು: ಕ್ರೀಡಾಕೂಟದ ಚರ್ಚೆ ನಡೆಸಿದ ನನ್ನ ಅನುಭವ

ಮೊದಲ ಸಭೆ ಇಪ್ಪತ್ತೇ ನಿಮಿಷಕ್ಕೆ ಕೆಟ್ಟುಹೋಯಿತು. ತಪ್ಪು ನನ್ನದೇ.

ನಮ್ಮ ನಗರ ಒಂದು ದೊಡ್ಡ ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಅರ್ಜಿ ಹಾಕಬೇಕಾ ಬೇಡವಾ ಅನ್ನುವ ಮಾತು ಎದ್ದಿತ್ತು. ನಿವಾಸಿಗಳ ಸಂಘದ ಕಾರ್ಯದರ್ಶಿ ಅಂದಮೇಲೆ ಊರ ಉಸಾಬರಿ ತಪ್ಪುತ್ತಾ? ಜನರನ್ನು ಸೇರಿಸಿ ಅಭಿಪ್ರಾಯ ಕೇಳುವ ಕೆಲಸ ನನ್ನ ತಲೆಗೆ ಬಂತು. ನಾನು ಎದ್ದು ನಿಂತವನೇ ಕೇಳಿದ್ದು, "ಕೂಟ ಬೇಕು ಅನ್ನುವವರು ಕೈ ಎತ್ತಿ, ಆಮೇಲೆ ಬೇಡ ಅನ್ನುವವರು." ಮುಗೀತು ಕಥೆ. ಎಲ್ಲರ ಎದುರಿಗೆ ಒಮ್ಮೆ ಕೈ ಎತ್ತಿದವರು ಆಮೇಲೆ ಏನೇ ಕೇಳಿದರೂ ಆ ಕೈಯನ್ನೇ ಸಮರ್ಥಿಸಿಕೊಳ್ಳುತ್ತಾರೆ. ಒಬ್ಬರು ನಗರದ ಹೆಸರು ಜಗತ್ತಿಗೆಲ್ಲ ಗೊತ್ತಾಗುತ್ತೆ ಅಂದರು. ಇನ್ನೊಬ್ಬರು ಮೊದಲು ಚರಂಡಿ ಸರಿ ಮಾಡಿ ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಚರಂಡಿಯ ಮಾತು ನಾಲ್ಕು ವರ್ಷದ ಹಿಂದಿನ ಪಾರ್ಕಿಂಗ್ ಜಗಳಕ್ಕೆ ಹೋಗಿ ನಿಂತಿತು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಾನು ಕೂಟ ಬರಲಿ ಅನ್ನುವ ಕಡೆಯವನು. ಚಿಕ್ಕಂದಿನಿಂದ ಕ್ರೀಡೆ ಅಂದರೆ ಹುಚ್ಚು. ಮೊದಲ ಸಭೆಗೆ ನಾನು ಓದಿಕೊಂಡು ಹೋಗಿದ್ದೆಲ್ಲ ಊರಿಗೆ ಒಳ್ಳೆಯದಾಯಿತು ಅಂತ ಹೆಸರಾದ ಬಾರ್ಸಿಲೋನಾದ 1992ರ ಒಲಿಂಪಿಕ್ಸ್ ಬಗ್ಗೆ. ಬೇರೆ ಯಾವ ಊರಿನ ಬಗ್ಗೆಯೂ ಒಂದು ಪುಟ ತಿರುವಿರಲಿಲ್ಲ. ನಡೆಸುವವನೇ ಹೀಗಿದ್ದರೆ ಅದು ಚರ್ಚೆಯಾಗಲ್ಲ, ಪ್ರಚಾರ ಆಗುತ್ತೆ.

ಎಲ್ಲರೂ ಕುರ್ಚಿ ಮಡಚುತ್ತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. ದಿನಾ ಬೆಳಗ್ಗೆ ಐದಕ್ಕೆ ಮುಖ್ಯ ರಸ್ತೆಯ ಅಂಚಿನಲ್ಲಿ ಓಡುವವನು, ನೋಡಿದ್ದೆ, ಮಾತಾಡಿಸಿರಲಿಲ್ಲ. ಬಸ್ಸು ಬಂದಾಗ ಮೋರಿ ಕಲ್ಲಿನ ಮೇಲೆ ಹತ್ತಿ ನಿಂತು, ಬಸ್ಸು ಹೋದಮೇಲೆ ಇಳಿದು ಮತ್ತೆ ಓಡುತ್ತಿದ್ದ. "ಅಂಕಲ್, ಕೂಟ ಬರುತ್ತೋ ಬಿಡುತ್ತೋ ನನಗೆ ಗೊತ್ತಿಲ್ಲ. ನನಗೆ ಬೇಕಾಗಿರೋದು ಓಡೋಕೆ ನಾನ್ನೂರು ಮೀಟರ್ ಮಣ್ಣು" ಅಂದ.

ಆ ರಾತ್ರಿ ಎರಡನೇ ಸಭೆಯ ಕಾಗದ ಹರಿದು ಹೊಸದಾಗಿ ಬರೆದೆ. ಹುಡುಗ ಎರಡು ವಿಷಯಗಳನ್ನು ಬೇರೆ ಮಾಡಿದ್ದ. ನಾವೆಲ್ಲ ಒಂದೇ ಗಂಟು ಕಟ್ಟಿಟ್ಟಿದ್ದೆವು. ಮೆಟ್ರೋ, ರಸ್ತೆ, ಈಜುಕೊಳ, ಟ್ರ್ಯಾಕ್, ಹೊಸ ಮನೆಗಳು, ಕೂಟ, ಎಲ್ಲ ಒಂದೇ ಮೂಟೆ. ಬೇಕು ಅಂದರೆ ಮೂಟೆ ಪೂರ್ತಿ ಬೇಕು, ಬೇಡ ಅಂದರೆ ಪೂರ್ತಿ ಬೇಡ.

ಎರಡನೇ ಸಭೆಯಲ್ಲಿ ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟೆ. ಅದರಲ್ಲಿ ಒಂದೇ ಪ್ರಶ್ನೆ: ಕೂಟ ಬರದೇ ಇದ್ದರೂ ಮುಂದಿನ ಹತ್ತು ವರ್ಷದಲ್ಲಿ ನಗರಕ್ಕೆ ಆಗಲೇಬೇಕಾದ ಕೆಲಸ ಯಾವುದು? ಹೆಸರು ಬರೆಯಬೇಡಿ ಅಂದೆ. ಚೀಟಿಗಳನ್ನು ಗೋಡೆಗೆ ಅಂಟಿಸಿದಾಗ ಒಂದು ತಮಾಷೆ ಆಯಿತು. ಕೂಟ ಬೇಕು ಅಂತ ಕೂಗಾಡಿದವರು ಮತ್ತು ಬೇಡ ಅಂತ ಕೂಗಾಡಿದವರು ಹೆಚ್ಚುಕಮ್ಮಿ ಅವೇ ಬರೆದಿದ್ದರು. ಬಸ್ಸು, ನೀರು, ಕಾಲುದಾರಿ, ಮಕ್ಕಳಿಗೆ ಆಟದ ಮೈದಾನ. ಎಂಬತ್ತು ಸಾವಿರ ಜನ ಕೂರುವ ಕ್ರೀಡಾಂಗಣ ಬೇಕು ಅಂತ ಒಬ್ಬರೂ ಬರೆದಿರಲಿಲ್ಲ, ನಾನೂ ಸೇರಿ.

ಬಾರ್ಸಿಲೋನಾ ಕಥೆ ನನಗೆ ನಿಜವಾಗಿ ಅರ್ಥ ಆಗಿದ್ದು ಆಗಲೇ. ಆ ನಗರ ಸಮುದ್ರದ ಪಕ್ಕದಲ್ಲೇ ಇದ್ದರೂ ಮಧ್ಯೆ ರೈಲು ಹಳಿ, ಹಳೇ ಕಾರ್ಖಾನೆಗಳು ಅಡ್ಡ ಇದ್ದವು. ಅದನ್ನೆಲ್ಲ ತೆರವು ಮಾಡಬೇಕು, ಊರ ಸುತ್ತ ವರ್ತುಲ ರಸ್ತೆ ಬೇಕು ಅನ್ನುವ ಆಸೆ ಅಲ್ಲಿನವರಿಗೆ ಮೊದಲೇ ಇತ್ತು. 1986ರಲ್ಲಿ ಒಲಿಂಪಿಕ್ಸ್ ಸಿಕ್ಕಾಗ ಅದನ್ನೇ ನೆಪ ಮಾಡಿಕೊಂಡು ಆ ಕೆಲಸ ಮುಗಿಸಿದರು. ಖರ್ಚಿನ ದೊಡ್ಡ ಪಾಲು ಆಟಕ್ಕಲ್ಲ, ಊರಿಗೇ ಹೋಯಿತು. ಅಂದರೆ ಯೋಜನೆ ಮೊದಲು, ಕೂಟ ಆಮೇಲೆ. ಅಥೆನ್ಸ್‌ನಲ್ಲಿ ಅದಕ್ಕೆ ಉಲ್ಟಾ, 2004ರ ಒಲಿಂಪಿಕ್ಸ್ ಕೂಟಕ್ಕೆ ಸಾಫ್ಟ್‌ಬಾಲ್‌ಗೆ ಬೇರೆ ಅಂಗಳ, ಕಯಾಕಿಂಗ್‌ಗೆ ಬೇರೆ ಕಾಲುವೆ ಕಟ್ಟಿದರು. ಆ ಆಟ ಆಡುವವರೇ ಅಲ್ಲಿ ಕಡಿಮೆ. ಕೂಟ ಮುಗಿದಮೇಲೆ ಹುಲ್ಲು ಬೆಳೆಯಿತು. ಈ ಸಲ ಎರಡೂ ಊರಿನ ಕಥೆ ಸಭೆಯಲ್ಲಿ ಹೇಳಿದೆ.

ಆಮೇಲೆ ದುಡ್ಡಿನ ಮಾತು. ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಮೋಸ ಹೋಗುವ ಜಾಗ ಇದೇ.

ಕೂಟ ತರಬೇಕು ಅನ್ನುವ ಸಮಿತಿಯವರೊಬ್ಬರು ಬಂದಿದ್ದರು. ಚೆನ್ನಾಗಿ ಮಾತಾಡುವ ಮನುಷ್ಯ. ಟಿಕೆಟ್, ಪ್ರಾಯೋಜಕರು, ಟಿವಿ ಪ್ರಸಾರದ ಪಾಲು, ಎಲ್ಲ ಸೇರಿದರೆ ಬಜೆಟ್ ಸರಿಹೋಗುತ್ತೆ, ನಗರಕ್ಕೆ ಒಂದು ಪೈಸೆ ನಷ್ಟ ಇಲ್ಲ ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಅಕೌಂಟೆಂಟ್ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು, "ಸಾರ್, ನೀವು ಹೇಳ್ತಿರೋದು ಯಾವ ಬಜೆಟ್?"

ಸಭೆ ಒಂದು ಕ್ಷಣ ಸುಮ್ಮನಾಯಿತು. ಇಂಥ ಕೂಟಕ್ಕೆ ಸಾಮಾನ್ಯವಾಗಿ ಎರಡು ಪುಸ್ತಕ ಇರುತ್ತವೆ. ಒಂದು, ಕೂಟ ನಡೆಸುವ ಖರ್ಚು: ಸಿಬ್ಬಂದಿ, ಊಟ ವಸತಿ, ಉದ್ಘಾಟನೆ, ಓಡಾಟ. ಇದಕ್ಕೆ ಟಿಕೆಟ್ಟು, ಪ್ರಾಯೋಜಕರ ದುಡ್ಡು ಬರುತ್ತೆ, ಎಷ್ಟೋ ಸಲ ಸರಿಹೋಗುತ್ತೆ ಕೂಡ. ಇನ್ನೊಂದು, ಕಟ್ಟುವ ಖರ್ಚು: ಕ್ರೀಡಾಂಗಣ, ಕ್ರೀಡಾಗ್ರಾಮ, ರಸ್ತೆ, ರೈಲು. ಭದ್ರತೆಯೂ ಬಹಳ ಸಲ ಸರ್ಕಾರದ ತಲೆ ಮೇಲೆಯೇ ಬೀಳುತ್ತೆ. ಈ ಎರಡನೇ ಪುಸ್ತಕ ತೆರಿಗೆ ದುಡ್ಡಿನದು. ನಷ್ಟ ಇಲ್ಲ ಅನ್ನುವವರು ಸುಳ್ಳು ಹೇಳುವುದಿಲ್ಲ, ಮೊದಲ ಪುಸ್ತಕ ಮಾತ್ರ ತೆರೆದು ತೋರಿಸುತ್ತಾರೆ ಅಷ್ಟೇ.

ಮುಂದಿನ ವಾರ ಆ ಅಕೌಂಟೆಂಟ್ ಸಾಹೇಬರು ಮತ್ತು ನಾನು ಕೂತು ಒಂದು ಹಾಳೆ ಬರೆದೆವು. ಲಂಡನ್ 2012ರ ಒಲಿಂಪಿಕ್ಸ್ ಕೂಟಕ್ಕೆ ಅರ್ಜಿ ಹಾಕುವಾಗ ಹೇಳಿದ ಸರ್ಕಾರಿ ಖರ್ಚು ಸುಮಾರು 240 ಕೋಟಿ ಪೌಂಡ್. 2007ರಲ್ಲಿ ಅದನ್ನು 930 ಕೋಟಿಗೆ ಏರಿಸಿದರು. ಮೊದಲ ಲೆಕ್ಕದಲ್ಲಿ ತೆರಿಗೆಯೇ ಸೇರಿರಲಿಲ್ಲ, ಭದ್ರತೆಗೂ ತುರ್ತು ಖರ್ಚಿಗೂ ಸಾಕಷ್ಟು ಇಟ್ಟಿರಲಿಲ್ಲ. ಆಮೇಲೆ ಆ 930ರೊಳಗೇ ಕೆಲಸ ಮುಗಿಸಿದರು, ಅದನ್ನೂ ಹಾಳೆಯಲ್ಲಿ ಬರೆದೆವು. ಕೆನಡಾದ ಮಾಂಟ್ರಿಯಲ್ ಕಥೆ ಇನ್ನೂ ಖಾರ. ಗಂಡಸು ಹೆರುವುದು ಎಷ್ಟು ಸಾಧ್ಯವೋ ಒಲಿಂಪಿಕ್ಸ್‌ಗೆ ನಷ್ಟ ಆಗುವುದೂ ಅಷ್ಟೇ ಸಾಧ್ಯ ಅನ್ನುವ ಅರ್ಥದ ಮಾತು ಅಲ್ಲಿನ ಮೇಯರ್ ಜ್ಯಾನ್ ದ್ರಾಪೋ ಆಡಿದ್ದರು. 1976ರ ಆ ಕೂಟದ ಸಾಲ ತೀರಿದ್ದು 2006ರಲ್ಲಿ. ಅದಕ್ಕೆ ತಂಬಾಕಿನ ಮೇಲೆ ಬೇರೆ ತೆರಿಗೆಯನ್ನೇ ಹಾಕಿದ್ದರು. ಕ್ರೀಡಾಂಗಣದ ಆ ಎತ್ತರದ ಗೋಪುರ ಕೂಟದ ಹೊತ್ತಿಗೆ ಮುಗಿದೇ ಇರಲಿಲ್ಲ. ಹಾಳೆ ಓದಿದಾಗ ಒಬ್ಬ ಅಜ್ಜಿ "ಅಂದ್ರೆ ಆ ವರ್ಷ ಹುಟ್ಟಿದ ಮಗು ಮೂವತ್ತು ವರ್ಷ ಅದನ್ನ ತೀರಿಸಿತಾ?" ಅಂತ ಕೇಳಿದರು. ಹೌದಮ್ಮ ಅಂದೆ. ಸಿಗರೇಟು ಸೇದಿದ್ದರೆ ಅಂತ ಪಕ್ಕದವರು ಸೇರಿಸಿದರು.

ಆದರೆ ಖರ್ಚು ಏರುತ್ತೆ ಅಂತ ಹೇಳಿ ಬಿಟ್ಟರೆ ಅರ್ಧ ಮಾತಾಡಿದ ಹಾಗೆ. ಏರಿದ ಖರ್ಚಿಗೆ ಸಹಿ ಹಾಕಿದವರು ಯಾರು? ಮೂರು ಸಭೆಯಲ್ಲಿ ನಾನು ಕಲಿತದ್ದು ಒಂದಿದ್ದರೆ ಇದು. ಹೆಚ್ಚಾದ ಖರ್ಚು ಯಾರು ಕೊಡುತ್ತಾರೆ ಅಂತ ಬರೆದು ಸಹಿ ಹಾಕುವ ಗ್ಯಾರಂಟಿ ಪತ್ರವನ್ನು ಕೇಳಿ. 2015ರಲ್ಲಿ ಅಮೆರಿಕದ ಬಾಸ್ಟನ್ ಒಲಿಂಪಿಕ್ಸ್ ಅರ್ಜಿಯಿಂದ ಹಿಂದೆ ಸರಿದ ದಿನ ಮೇಯರ್ ಮಾರ್ಟಿ ವಾಲ್ಶ್ ಹೇಳಿದ್ದು ಅದನ್ನೇ. ಹೆಚ್ಚಾದ ಖರ್ಚನ್ನು ಊರಿನ ತೆರಿಗೆದಾರರ ಮೇಲೆ ಹಾಕುವ ಕಾಗದಕ್ಕೆ ತಾನು ಸಹಿ ಹಾಕಲಾರೆ ಅಂದರು. ಅದೇ ಕಾಗದದ ವಿಷಯದಲ್ಲಿ ಗಟ್ಟಿ ನಿಂತು ಗೆದ್ದ ಊರೂ ಇದೆ. 1984ರ ಕೂಟಕ್ಕೆ ಕೊನೆಗೆ ಉಳಿದ ನಗರ ಲಾಸ್ ಏಂಜಲೀಸ್ ಒಂದೇ. ಮಾಂಟ್ರಿಯಲ್ ಗತಿ ನೋಡಿ ಎಷ್ಟೋ ಊರಿನವರು ಹೆದರಿದ್ದರು. ಅಲ್ಲಿನ ಮತದಾರರು 1978ರಲ್ಲೇ ನಗರದ ದುಡ್ಡು ಕೂಟಕ್ಕೆ ಹೀಗೇ ಸುರಿಯುವಂತಿಲ್ಲ ಅಂತ ನಿಯಮ ಮಾಡಿಸಿಕೊಂಡರು, ಹೊಣೆ ಖಾಸಗಿ ಸಮಿತಿಯ ಮೇಲೆ ಹೋಯಿತು. ಆ ಸಮಿತಿ 1923ರ ಹಳೇ ಕ್ರೀಡಾಂಗಣವನ್ನೇ ಬಳಸಿ, ಕೊನೆಗೆ 20 ಕೋಟಿ ಡಾಲರ್‌ಗೂ ಜಾಸ್ತಿ ಉಳಿಸಿತು. ಬೇರೆ ಗಿರಾಕಿ ಇಲ್ಲದಿದ್ದಾಗ ಚೌಕಾಸಿ ಮಾಡಬಹುದು ಅಲ್ವಾ?

ಈ ಉದಾಹರಣೆ ಸಮಿತಿಯವರಿಗೂ ಖುಷಿ ಕೊಟ್ಟಿತು, ವಿರೋಧಿಗಳಿಗೂ ಖುಷಿ ಕೊಟ್ಟಿತು. ಒಬ್ಬರು "ಲಾಭ" ಅನ್ನುವ ಪದ ಹಿಡಿದುಕೊಂಡರು, ಇನ್ನೊಬ್ಬರು "ನಗರದ ದುಡ್ಡಿಲ್ಲ" ಅನ್ನುವುದನ್ನು. ಇರಲಿ.

ಮೂರನೇ ಸಭೆಗೆ ನಾನು ಮಾಡಿದ ಒಂದು ಕೆಲಸ ಚೆನ್ನಾಗಿ ನಡೆಯಿತು, ಯಾರಾದರೂ ಇಂಥ ಸಭೆ ನಡೆಸುವುದಿದ್ದರೆ ಕದ್ದುಕೊಳ್ಳಬಹುದು. ಎರಡು ಕಡೆಯ ಮುಖ್ಯ ಮಾತುಗಾರರಿಗೂ ಮೊದಲ ಐದು ನಿಮಿಷ ಎದುರು ಕಡೆಯವರ ವಾದ ಹೇಳಬೇಕು ಅಂದೆ. ಆ ವಾದ ಸರಿಯಾಗಿದೆ ಅಂತ ಎದುರಿನವರು ತಲೆ ಆಡಿಸಿದ ಮೇಲೆಯೇ ತಮ್ಮ ಮಾತು ಶುರು ಮಾಡಬೇಕು. ಸಮಿತಿಯ ಮನುಷ್ಯ ಕೂಟದ ಕಟ್ಟಡಗಳಿಗಾಗಿ ಮನೆ ಕಳೆದುಕೊಳ್ಳುವವರ ಬಗ್ಗೆ ಮಾತಾಡಲು ಹೋಗಿ ಮೊದಲ ಸಲ ಫೇಲಾದರು. "ಪುನರ್ವಸತಿ ಕಲ್ಪಿಸಲಾಗುವುದು" ಅಂದುಬಿಟ್ಟರು. ಎದುರಿನ ಹೆಂಗಸು ತಲೆ ಆಡಿಸಲಿಲ್ಲ. "ಅಣ್ಣಾ, ಅದು ನಿಮ್ಮ ಕಾಗದದ ಮಾತು. ನನ್ನ ಮಗಳ ಶಾಲೆ ಎಷ್ಟು ದೂರ ಆಗುತ್ತೆ, ಅದು ಹೇಳಿ" ಅಂದರು. ಸಮಿತಿಯ ಮನುಷ್ಯ ಗೋಡೆಯ ನಕ್ಷೆ ಹತ್ತಿರ ಹೋಗಿ ಬೆರಳಿಟ್ಟು ಹುಡುಕಿದರು. ಅವರ ಕಚೇರಿಯೇ ಗುರುತು ಹಾಕಿದ ಜಾಗ, ಆದರೆ ಆ ಶಾಲೆ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಹಾಗೇ ವಿರೋಧದ ಕಡೆಯ ಹಿರಿಯರೊಬ್ಬರು, ಮಕ್ಕಳಿಗೆ ಈಜು ಕಲಿಸುವ ಹುಡುಗಿಯ ವಾದ ಹೇಳಬೇಕಾಯಿತು. ಸರಿಯಾದ ಅಳತೆಯ ಕೊಳ ಇಲ್ಲದೆ ಮಕ್ಕಳು ಬೇರೆ ಊರಿಗೆ ಹೋಗಿ ಅಭ್ಯಾಸ ಮಾಡುವ ಕಥೆ. ಅವರು ಅರ್ಧಕ್ಕೆ ನಿಲ್ಲಿಸಿ, "ಇದು ನ್ಯಾಯವಾದ ಮಾತೇ" ಅಂದರು. ಅದಾದಮೇಲೆ ಅವರ ದನಿ ಮೊದಲಿನಷ್ಟು ಏರಲಿಲ್ಲ.

ಪ್ರವಾಸಿಗರು ಬರುತ್ತಾರೆ, ವ್ಯಾಪಾರ ಆಗುತ್ತೆ ಅನ್ನುವ ವಾದಕ್ಕೆ ನಾವು ಕಡಿಮೆ ಹೊತ್ತು ಕೊಟ್ಟೆವು. ಕೂಟಕ್ಕೆ ಬರುವವರು ಬರುತ್ತಾರೆ, ಗದ್ದಲಕ್ಕೆ ಹೆದರಿ ಮಾಮೂಲಿ ಪ್ರವಾಸಿಗರು ಬರುವುದಿಲ್ಲ. 2012ರ ಜುಲೈ, ಆಗಸ್ಟ್‌ನಲ್ಲಿ ಬ್ರಿಟನ್ನಿಗೆ ಹೋದ ವಿದೇಶಿಯರು ಹಿಂದಿನ ವರ್ಷಕ್ಕಿಂತ ಕಡಿಮೆ. ಟೋಕಿಯೊಗಂತೂ ಯಾರೂ ಊಹಿಸದ ಹೊಡೆತ. ಕೊರೋನಾ ಬಂದು ಕೂಟ ಒಂದು ವರ್ಷ ಮುಂದೆ ಹೋಯಿತು, 2021ರಲ್ಲಿ ನಡೆದಾಗ ಹೆಚ್ಚಿನ ಅಂಗಳಗಳಲ್ಲಿ ಪ್ರೇಕ್ಷಕರೇ ಇರಲಿಲ್ಲ.

ಜನಮತ ಕೇಳಿ ಅಂತ ಕೆಲವರು ಹಟ ಹಿಡಿದರು. ಅಮೆರಿಕದ ಡೆನ್ವರ್ ನಗರ 1976ರ ಚಳಿಗಾಲದ ಒಲಿಂಪಿಕ್ಸ್ ನಡೆಸುವ ಅವಕಾಶ ಗೆದ್ದೂ ಆಗಿತ್ತು. 1972ರಲ್ಲಿ ಆ ಊರಿರುವ ಕೊಲರಾಡೋ ರಾಜ್ಯದ ಮತದಾರರು ದುಡ್ಡು ಕೊಡಲ್ಲ ಅಂದರು, ಕೂಟ ಇನ್ಸ್‌ಬ್ರುಕ್‌ಗೆ ಹೋಯಿತು. ಹ್ಯಾಂಬರ್ಗ್‌ನಲ್ಲಿ 2015ರಲ್ಲಿ ಶೇ 51.6 ಜನ ಬೇಡ ಅಂದರು, ಕ್ಯಾಲ್ಗರಿಯಲ್ಲಿ 2018ರಲ್ಲಿ ಶೇ 56.4. ಕ್ಯಾಲ್ಗರಿ ನನಗೆ ಆಶ್ಚರ್ಯ. 1988ರಲ್ಲಿ ಕೂಟ ನಡೆಸಿದ ಊರು ಅದು, ಆ ನೆನಪನ್ನು ಪ್ರೀತಿಯಿಂದ ಇಟ್ಟುಕೊಂಡ ಊರು. ಗೆದ್ದಮೇಲೆ ಬೇಡ ಅನ್ನುವುದು ಮಾತ್ರ ದುಬಾರಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟ ಒಪ್ಪಿಕೊಂಡು, 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದ ಖರ್ಚು 600 ಕೋಟಿ ದಾಟುತ್ತೆ ಅಂತ 2023ರ ಜುಲೈನಲ್ಲಿ ಕೈಬಿಟ್ಟಿತು. ಪರಿಹಾರ ಅಂತಲೇ 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟರು. ಒಂದು ಓಟವೂ ನಡೆಯದ ಕೂಟಕ್ಕೆ! ಆದ್ದರಿಂದ ಕೇಳುವುದಿದ್ದರೆ ಅರ್ಜಿ ಹಾಕುವ ಮೊದಲೇ ಕೇಳಿ ಅಂತ ನಾವು ಬರೆದೆವು.

ಕೊನೆಗೆ ಕೈ ಎತ್ತಿಸಿದೆ. ಈ ಸಲ ಪ್ರಶ್ನೆ ಬೇರೆ: ಗ್ಯಾರಂಟಿ ಪತ್ರ ಜನರಿಗೆ ತೋರಿಸಿ, ಕಟ್ಟುವ ಪ್ರತಿ ಕಟ್ಟಡವನ್ನು ಕೂಟ ಮುಗಿದಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಸಮೇತ ಬರೆದುಕೊಟ್ಟರೆ ಮಾತ್ರ ಮುಂದಿನ ಮಾತು, ಒಪ್ಪಿಗೆಯಾ? ಹೆಚ್ಚಿನವರು ಎತ್ತಿದರು, ನಾನೂ ಎತ್ತಿದೆ. ಇಬ್ಬರು ಕಡೆಯವರೆಗೂ ಎತ್ತಲಿಲ್ಲ. ಒಬ್ಬರಿಗೆ ಷರತ್ತು ಜಾಸ್ತಿ ಆಯಿತು, ಇನ್ನೊಬ್ಬರಿಗೆ ಕಡಿಮೆ ಆಯಿತು. ಇಬ್ಬರೂ ಒಟ್ಟಿಗೇ ಮನೆಗೆ ನಡೆದುಕೊಂಡು ಹೋದರು, ದಾರಿಯುದ್ದಕ್ಕೂ ಜಗಳ ಆಡುತ್ತಾ.

ಗೋಡೆಗೆ ಅಂಟಿಸಿದ ಚೀಟಿಗಳನ್ನು ಬಿಸಾಕಲಿಲ್ಲ. ಅದರಲ್ಲಿ ಮೈದಾನ ಕೇಳಿದ್ದವನ್ನೆಲ್ಲ ಒಟ್ಟು ಮಾಡಿ ಹತ್ತಿರದ ಶಾಲೆಯೊಂದಕ್ಕೆ ಕೊಟ್ಟೆವು. ಬೆಳಗ್ಗೆ ಐದರಿಂದ ಏಳರವರೆಗೆ ಮೈದಾನದ ಗೇಟು ತೆಗೆಯಲು ಅವರು ಒಪ್ಪಿದರು. ಬೀಗಕ್ಕೆ ಇನ್ನೊಂದು ಕೀ ಮಾಡಿಸಿ ಕಾವಲುಗಾರನ ಹತ್ತಿರ ಇಟ್ಟಿದ್ದಾರೆ. ಸುತ್ತು ನಾನ್ನೂರು ಮೀಟರ್ ಇಲ್ಲ, ಮುನ್ನೂರಕ್ಕೂ ಸ್ವಲ್ಪ ಕಡಿಮೆ, ಹುಡುಗ ಹೆಜ್ಜೆ ಹಾಕಿ ಅಳೆದು ಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದಾನೆ. ಗ್ಯಾರಂಟಿ ಪತ್ರದ ಪ್ರತಿ ಕೇಳಿ ಬರೆದ ಕಾಗದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬಂದ ವಾರವೇ ನಾಲ್ಕನೇ ಸಭೆ ಕರೆಯುತ್ತೇನೆ.